ಲುಟೊಸ್ವಾವ್ಸ್ಕಿ: 1954ರ ಕೃತಿಯನ್ನೂ 1961ರ ಕೃತಿಯನ್ನೂ ಬರೆದವರು ಒಬ್ಬರೇ?

ವಿಜಯಪುರದ ಕೇಳುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ನಾವು ಕೆಲವು ಮಂದಿ ಸ್ನೇಹಿತರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಕೂಡಿ ಧ್ವನಿಮುದ್ರಣಗಳನ್ನು ಕೇಳುವ ರೂಢಿ ಇಟ್ಟುಕೊಂಡಿದ್ದೇವೆ. ನಮ್ಮೆಲ್ಲರ ಕಿವಿ ಬೆಳೆದದ್ದು ಕಿರಾನಾ, ಗ್ವಾಲಿಯರ್ ಘರಾಣೆಗಳ ಗಾಯನದಲ್ಲಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಈಚೆಗಷ್ಟೇ ಕೈ ಹಾಕಿದ್ದೇವೆ. ಮುಂದಿನ ಬೈಠಕ್ಕಿನಲ್ಲಿ ಪೋಲೆಂಡಿನ ವಿಟೋಲ್ಡ್ ಲುಟೊಸ್ವಾವ್ಸ್ಕಿ ಅವರ ಸಂಗೀತವನ್ನು ಪರಿಚಯಿಸುವ ಹೊಣೆ ನನ್ನ ಪಾಲಿಗೆ ಬಂದಿದೆ.

ಮೊದಲು 1954ರ ‘ಕನ್ಚೆರ್ಟೊ ಫಾರ್ ಆರ್ಕೆಸ್ಟ್ರಾ’ ಕೇಳಿದೆ. ಕೆಳಗೆ ಒಂದೇ ಸ್ವರ ಬಡಿಯುತ್ತಿರುವಾಗ ಅದರ ಮೇಲೆ ತಂತಿವಾದ್ಯಗಳು ಒಂದೊಂದಾಗಿ ಏರಿ ಬರುವ ಆರಂಭ, ಗಟ್ಟಿ ಲಯ, ಹಳ್ಳಿಯ ಹಾಡಿನ ಜಾಡು ಹಿಡಿದ ಧಾಟಿಗಳು: ಸಂಗೀತ ಅಪರಿಚಿತವಾದರೂ ಬೆರಳು ತಾನಾಗಿಯೇ ಮಾತ್ರೆ ಎಣಿಸುತ್ತದೆ. ಅದರ ಹಿಂದೆಯೇ 1961ರ ‘ಜ್ಯೂ ವೆನಿಸ್ಯಾಂ’, ಅಂದರೆ ‘ವೆನಿಸ್ಸಿನ ಆಟಗಳು’, ಕೇಳಿದೆ. ಅದರಲ್ಲಿ ಹಿಡಿದುಕೊಳ್ಳಲು ಸಮವೂ ಸಿಗಲಿಲ್ಲ, ಧಾಟಿಯೂ ಸಿಗಲಿಲ್ಲ. ತಾಳವಾದ್ಯದ ಒಂದು ಏಟು ಬೀಳುತ್ತದೆ, ಊದುವ ವಾದ್ಯಗಳೆಲ್ಲ ಒಮ್ಮೆಲೇ ಗಿಜಿಗುಡುತ್ತವೆ. ಮತ್ತೊಂದು ಏಟು ಬಿದ್ದೊಡನೆ ಅವು ನಿಂತು ತಂತಿವಾದ್ಯಗಳ ಮೆಲುದನಿಯಷ್ಟೇ ಉಳಿಯುತ್ತದೆ.

ಏಳು ವರ್ಷಗಳಲ್ಲಿ ಒಬ್ಬ ಮನುಷ್ಯ ಇಷ್ಟು ದೂರ ಹೋಗಲು ಕಾರಣವೇನು? ಮೊದಲಿನ ಜಾನಪದ ಧಾಟಿ ಸ್ಟಾಲಿನ್ ಕಾಲದ ಸರ್ಕಾರದ ಒತ್ತಾಯಕ್ಕೆ ಬರೆದದ್ದು, ನಿಜವಾದ ಲುಟೊಸ್ವಾವ್ಸ್ಕಿ ಆರಂಭವಾಗುವುದೇ ಆಮೇಲೆ ಎಂದು ಒಂದು ಕಡೆ ಓದಿದೆ. ಹಾಗಿದ್ದರೆ ನಮಗೆಲ್ಲ ಹಿಡಿಸಿದ ಕೃತಿಯನ್ನು ಸುಳ್ಳು ಸಂಗೀತವೆಂದು ಬದಿಗಿಡಬೇಕೇ? ತಿಳಿದವರು ಸ್ವಲ್ಪ ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಕ್ಯಾಂಪ್ ವಯೊಲಿನ್, ಬೆಳಗಾವಿ

ಸರ್, 1954ರ ಕೃತಿಯನ್ನು ಅವರ ಮೂಲ ಶೈಲಿಯೆಂದು ಎಣಿಸಿ ಅಲ್ಲಿಂದ ಅಳೆಯಲು ಹೊರಟರೆ ಲೆಕ್ಕ ತಪ್ಪುತ್ತದೆ. ಆ ಹೊತ್ತಿಗೆ ಅವರಿಗೆ ನಲವತ್ತೊಂದು ವರ್ಷ. ಅದಕ್ಕೂ ಮೊದಲೇ ಒಂದು ಶೈಲಿಯನ್ನು ಕಟ್ಟಿ, ಅದರ ಕೊನೆ ಮುಟ್ಟಿ, ಅದನ್ನು ಬಿಟ್ಟು ಬಂದಿದ್ದರು. ಆದ್ದರಿಂದ ಸ್ವಲ್ಪ ಹಿಂದಿನಿಂದಲೇ ಹೇಳುತ್ತೇನೆ.

ಲುಟೊಸ್ವಾವ್ಸ್ಕಿ ಹುಟ್ಟಿದ್ದು 1913ರ ಜನವರಿ 25ರಂದು ವಾರ್ಸಾದಲ್ಲಿ. ಮನೆತನ ದ್ರೊಜ್ದೊವೊ ಎಂಬ ಊರಿನ ಜಮೀನುದಾರರದು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಮುಂದೊತ್ತಿ ಬಂದಾಗ ಕುಟುಂಬ ಮಾಸ್ಕೋಗೆ ಹೋಯಿತು. ಪೋಲಿಷ್ ರಾಜಕಾರಣದಲ್ಲಿ ತೊಡಗಿದ್ದ ತಂದೆ ಯುಜೆಫ್ ಮತ್ತು ಚಿಕ್ಕಪ್ಪ ಮರಿಯಾನ್ ಇಬ್ಬರನ್ನೂ 1918ರಲ್ಲಿ ಬೋಲ್ಶೆವಿಕರು ಬಂಧಿಸಿ ಗುಂಡಿಕ್ಕಿ ಕೊಂದರು. ಹುಡುಗನಿಗೆ ಆಗ ಐದು ವರ್ಷ. ಮುಂದೆ ಜೀವನದುದ್ದಕ್ಕೂ ಅವರು ತಮ್ಮ ಸಂಗೀತಕ್ಕೆ ರಾಜಕೀಯದ ಅರ್ಥ ಹಚ್ಚಲು ಯಾರಿಗೂ ಬಿಡಲಿಲ್ಲ ಎಂಬುದನ್ನು ಕೇಳಿದಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ. ಎರಡಕ್ಕೂ ಸಂಬಂಧವಿದೆಯೆಂದು ಸಾಧಿಸಲು ನನ್ನಲ್ಲಿ ಆಧಾರವೇನೂ ಇಲ್ಲ, ಇದು ಕೇವಲ ನನ್ನ ಭಾವನೆ.

ಬಾಲ್ಯದಲ್ಲಿ ಪಿಯಾನೊ, ವಯೊಲಿನ್ ಎರಡನ್ನೂ ಕಲಿತರು. 1924ರಲ್ಲಿ ಪೋಲಿಷ್ ಸಂಯೋಜಕ ಕರೋಲ್ ಶಿಮನೊವ್ಸ್ಕಿಯವರ ಮೂರನೆಯ ಸಿಂಫನಿಯನ್ನು ಕೇಳಿದ್ದು ಅವರ ಮೇಲೆ ಆಳವಾದ ಪರಿಣಾಮ ಮಾಡಿತು. ವಾರ್ಸಾ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಗಣಿತವನ್ನೂ ಓದಿ, ಆಮೇಲೆ ಅದನ್ನು ಬಿಟ್ಟು ಪೂರ್ಣವಾಗಿ ಸಂಗೀತಕ್ಕೆ ಬಂದರು. ಸಂಯೋಜನೆಯ ಗುರು ವಿಟೋಲ್ಡ್ ಮಾಲಿಶೆವ್ಸ್ಕಿ, ರಷ್ಯದ ರಿಮ್ಸ್ಕಿ-ಕೊರ್ಸಕೋವ್ ಅವರ ಶಿಷ್ಯ. ಒಂದು ಕೃತಿಯ ಯಾವ ಭಾಗ ಕೇಳುಗನನ್ನು ಅಣಿಗೊಳಿಸುತ್ತದೆ, ಯಾವ ಭಾಗ ವಿಷಯವನ್ನು ನಿರೂಪಿಸುತ್ತದೆ, ಯಾವುದು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತದೆ, ಯಾವುದು ಮುಗಿಸುತ್ತದೆ ಎಂದು ಕೇಳುಗನ ಮನಸ್ಸಿನ ಕಡೆಯಿಂದ ರಚನೆಯನ್ನು ನೋಡಲು ಕಲಿಸಿದವರು ಅವರು. ಶಿಷ್ಯನ ಹೊಸ ಬಗೆಯ ಹಾರ್ಮನಿ ಗುರುವಿಗೆ ಹಿಡಿಸಲಿಲ್ಲ. ಆದರೂ ಈ ಪಾಠವನ್ನು ಶಿಷ್ಯ ಕೊನೆಯವರೆಗೆ ಬಿಡಲಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1938ರಲ್ಲಿ ‘ಸಿಂಫೊನಿಕ್ ವೇರಿಯೇಶನ್ಸ್’ ಮುಗಿಯಿತು. ಪ್ಯಾರಿಸ್‌ಗೆ ಹೋಗಿ ಕಲಿಯುವ ಯೋಚನೆ ಇತ್ತು, ಅಷ್ಟರಲ್ಲಿ ಯುದ್ಧ ಬಂತು. ಸೈನ್ಯದಲ್ಲಿದ್ದ ಅವರು 1939ರಲ್ಲಿ ಜರ್ಮನ್ನರ ಕೈಗೆ ಸಿಕ್ಕರು, ತಪ್ಪಿಸಿಕೊಂಡರು, ಸುಮಾರು 400 ಕಿಲೋಮೀಟರ್ ನಡೆದು ವಾರ್ಸಾ ಸೇರಿದರು. ಸೋದರ ಹೆನ್ರಿಕ್ ಸೋವಿಯತ್ ಸೆರೆಯಲ್ಲಿ, ಕೊಲಿಮಾದ ದುಡಿಮೆಯ ಶಿಬಿರದಲ್ಲಿ ತೀರಿಕೊಂಡರು. ಜರ್ಮನ್ ಆಡಳಿತ ಪೋಲಿಷ್ ಜನರ ಸಾರ್ವಜನಿಕ ಕಛೇರಿಗಳನ್ನು ನಿಲ್ಲಿಸಿದಾಗ ಸಂಗೀತಗಾರರಿಗೆ ಉಳಿದ ಜಾಗ ಕೆಫೆಗಳು ಮಾತ್ರ. ಅಲ್ಲಿ ಲುಟೊಸ್ವಾವ್ಸ್ಕಿ, ಇನ್ನೊಬ್ಬ ಸಂಯೋಜಕ ಆಂದ್ಜೆಯ್ ಪನೂಫ್ನಿಕ್ ಜೊತೆ ಎರಡು ಪಿಯಾನೊಗಳಲ್ಲಿ ನುಡಿಸಿ ಹೊಟ್ಟೆ ಹೊರೆದರು. ಆ ಜೋಡಿಗಾಗಿ ಸಿದ್ಧಪಡಿಸಿದ ಇನ್ನೂರಕ್ಕೂ ಹೆಚ್ಚು ಅಳವಡಿಕೆಗಳಲ್ಲಿ ಉಳಿದದ್ದು 1941ರ ‘ಪಗನೀನಿ ವೇರಿಯೇಶನ್ಸ್’ ಒಂದೇ; ಮಿಕ್ಕದ್ದು 1944ರ ವಾರ್ಸಾ ದಂಗೆಯಲ್ಲಿ ಊರಿನ ಜೊತೆ ಸುಟ್ಟುಹೋಯಿತು. ನಮ್ಮ ಕಡೆ ಯಾರಾದರೂ ಪಿಯಾನೊ ಕಲಿತವರಿದ್ದರೆ ಮೊದಲು ಆ ಕೃತಿಯನ್ನು ಕೇಳಿಸಿ, ಮುಖದಲ್ಲಿ ನಗು ಬರುತ್ತದೆ.

ದಂಗೆಗೆ ಸ್ವಲ್ಪ ಮುಂಚೆ ಅವರು ತಾಯಿಯೊಂದಿಗೆ ಊರು ಬಿಟ್ಟಾಗ ಜೊತೆಗೆ ಒಯ್ದ ಕೆಲವೇ ಹಾಳೆಗಳಲ್ಲಿ ಮೊದಲನೆಯ ಸಿಂಫನಿಯ ಕರಡು ಇತ್ತು. ಅದು 1947ರಲ್ಲಿ ಮುಗಿದು 1948ರಲ್ಲಿ ಕಟೊವೀಟ್ಸೆ ನಗರದಲ್ಲಿ ಗ್ಜೆಗೊಜ್ ಫಿಟೆಲ್‌ಬೆರ್ಗ್ ಅವರ ನಿರ್ದೇಶನದಲ್ಲಿ ಕೇಳಿಬಂತು. ಮರುವರ್ಷ ವಾಗೂಫ್ ಎಂಬಲ್ಲಿ ನಡೆದ ಸಂಯೋಜಕರ ಸಮ್ಮೇಳನದಲ್ಲಿ ಸಮಾಜವಾದಿ ವಾಸ್ತವತೆಯೇ, ಅಂದರೆ ಜನಸಾಮಾನ್ಯರಿಗೆ ತಿಳಿಯುವಂತೆ, ಆಳುವ ಪಕ್ಷದ ಧೋರಣೆಗೆ ಹೊಂದುವಂತೆ ಬರೆಯುವುದೇ, ದಾರಿ ಎಂಬ ಅಪ್ಪಣೆ ಹೊರಟಿತು, ಸಿಂಫನಿಗೆ ‘ಫಾರ್ಮಲಿಸ್ಟ್’, ಅಂದರೆ ಜನರಿಗೆ ಎಟುಕದ ಬರೀ ರೂಪದ ಕಸರತ್ತು, ಎಂಬ ಹಣೆಪಟ್ಟಿ ಬಿತ್ತು, ಕೃತಿ ಸುಮಾರು ಹತ್ತು ವರ್ಷ ವೇದಿಕೆಯಿಂದ ದೂರವೇ ಉಳಿಯಿತು. ಜೀವನಕ್ಕಾಗಿ ರೇಡಿಯೊ ನಾಟಕಗಳಿಗೆ ಸಂಗೀತ, ಮಕ್ಕಳ ಹಾಡು, ಜಾನಪದ ಧಾಟಿಗಳ ಅಳವಡಿಕೆ ಬರೆದರು.

ಈಗ ನಿಮ್ಮ ಪ್ರಶ್ನೆ. ಜಾನಪದವನ್ನು ಅವರು ಮುಟ್ಟಿದ್ದು ಸರ್ಕಾರ ಹೇಳಿದ ಮೇಲಲ್ಲ. ಪಿಯಾನೊಗಾಗಿ ‘ಜಾನಪದ ಧಾಟಿಗಳು’ ಬಂದದ್ದು 1945ರಲ್ಲಿ, ಅಪ್ಪಣೆ ಬಂದದ್ದು 1949ರಲ್ಲಿ. ಇನ್ನೊಂದು ಸಂಗತಿ, ಮೊದಲ ಸಿಂಫನಿ ಮುಗಿಸುವಾಗಲೇ ಅವರಿಗೆ ಆ ದಾರಿ ಮುಂದಕ್ಕೆ ಹೋಗದು ಎಂದು ಅನ್ನಿಸಿತ್ತು. ಹೊಸ ಸ್ವರಭಾಷೆಯ ಹುಡುಕಾಟವನ್ನು ಅವರು ಆಗಲೇ ಒಳಗೊಳಗೆ ಆರಂಭಿಸಿದ್ದರು. ತಾನು ಬಯಸಿದಂತೆ ಬರೆಯಲು ಇನ್ನೂ ಬರುತ್ತಿರಲಿಲ್ಲವಾದ್ದರಿಂದ ಬರೆಯಬಲ್ಲದ್ದನ್ನು ಬರೆದೆ ಎಂಬ ಅರ್ಥದ ಮಾತನ್ನು ಅವರೇ ಮುಂದೆ ಆಡಿದ್ದಾರೆ. ಆ ಬರೆಯಬಲ್ಲದ್ದರಲ್ಲಿ ದೊಡ್ಡದು ನಿಮ್ಮ ಕನ್ಚೆರ್ಟೊ. ವಾರ್ಸಾ ಫಿಲ್‌ಹಾರ್ಮನಿಕ್‌ನ ವಿಟೋಲ್ಡ್ ರೊವಿಟ್ಸ್ಕಿ ತಮ್ಮ ಹೊಸ ಆರ್ಕೆಸ್ಟ್ರಾಕ್ಕೆಂದು ಕೇಳಿದ್ದಕ್ಕೆ 1950ರಲ್ಲಿ ಆರಂಭಿಸಿ ನಾಲ್ಕು ವರ್ಷ ತೆಗೆದುಕೊಂಡು ಬರೆದರು. ಒತ್ತಾಯಕ್ಕೆ ಬರೆಯುವವರು ಒಂದು ಕೃತಿಗೆ ನಾಲ್ಕು ವರ್ಷ ಕೊಡುವುದಿಲ್ಲ. ಧೈರ್ಯವಾಗಿ ಕೇಳಿಸಿ.

ಸುಳೇಭಾವಿ ರಸ್ತೆ

ಕ್ಯಾಂಪಿನ ಮಾಸ್ತರರು ಬರೆದ ಇತಿಹಾಸ ಸರಿಯಾಗಿದೆ, ಆದರೆ ತೀರ್ಪು ಸ್ವಲ್ಪ ಉದಾರವಾಯಿತು ಎಂದು ನನಗೆ ಅನ್ನಿಸುತ್ತದೆ. ಜಾನಪದದಿಂದ ಒಬ್ಬ ಶಾಸ್ತ್ರೀಯ ಸಂಗೀತಗಾರ ಏನನ್ನು ಪಡೆಯಬಹುದು ಎಂದು ಅಳೆಯಲು ನಮಗೆ ಬೇರೆ ಊರಿಗೆ ಹೋಗಬೇಕಿಲ್ಲ. 1924ರಲ್ಲಿ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕ್ಷಯರೋಗದಿಂದಾಗಿ 1948ರಲ್ಲಿ ದೇವಾಸ್‌ಗೆ ಹೋಗಿ ನೆಲೆಸಿ, ಹಾಡಬಾರದೆಂಬ ವೈದ್ಯರ ಮಾತಿನಂತೆ ವರ್ಷಗಟ್ಟಲೆ ಸುಮ್ಮನೆ ಮಲಗಿದ್ದಾಗ, ಮಾಳವದ ಹೆಣ್ಣುಮಕ್ಕಳು ಹಾಡುತ್ತಿದ್ದ ಹಾಡುಗಳು ಕಿವಿಗೆ ಬಿದ್ದವು. ಗುಣವಾಗಿ ಎದ್ದ ಮೇಲೆ ಅವರು ಆ ಧುನ್‌ಗಳ ಒಳಗಿನಿಂದ ಮಾಲವತಿ, ಸಂಜಾರಿ, ಲಗನ್ ಗಂಧಾರ್, ಸಹೇಲಿ ತೋಡಿಯಂಥ ರಾಗಗಳನ್ನೇ ಎತ್ತಿ ತೆಗೆದರು. ಧುನ್ ಅವರ ರಾಗದ ವ್ಯಾಕರಣವನ್ನೇ ಬದಲಿಸಿತು.

ಲುಟೊಸ್ವಾವ್ಸ್ಕಿ ಮಾಡಿದ್ದು ಇದಲ್ಲ. ಕನ್ಚೆರ್ಟೊದ ಧಾಟಿಗಳನ್ನು ಅವರು ಹತ್ತೊಂಬತ್ತನೆಯ ಶತಮಾನದ ಜಾನಪದ ಸಂಗ್ರಾಹಕ ಓಸ್ಕರ್ ಕೋಲ್ಬೆರ್ಗ್ ಅವರ ಮಾಜೊವ್ಷೆ ಸೀಮೆಯ ಸಂಗ್ರಹದಿಂದ, ಅಂದರೆ ಅಚ್ಚಾದ ಪುಸ್ತಕದಿಂದ, ತೆಗೆದುಕೊಂಡು ತುಂಡು ಮಾಡಿ ಕಟ್ಟಡಕ್ಕೆ ಬಳಸಿದರು. ಕೆಲಸ ಮುಗಿದೊಡನೆ ಬಿಟ್ಟುಬಿಟ್ಟರು. ಅದೇ 1954ರಲ್ಲಿ ಕ್ಲ್ಯಾರಿನೆಟ್‌ಗಾಗಿ ಬರೆದ ‘ಡಾನ್ಸ್ ಪ್ರೆಲ್ಯೂಡ್ಸ್’ ಅನ್ನು ಅವರೇ ಜಾನಪದಕ್ಕೆ ವಿದಾಯ ಎಂದು ಕರೆದದ್ದುಂಟು. ಕುಮಾರರಿಗೆ ಹೋಲಿಸಬೇಕಾದವರು ಹಂಗೇರಿಯ ಬೇಲಾ ಬಾರ್ಟೋಕ್, ಅವರು ಫೋನೋಗ್ರಾಫ್ ಹೊತ್ತು ಹಳ್ಳಿಗಳನ್ನು ತಿರುಗಿದವರು. ಹಾಗಾಗಿ ಕೇಳುಗರ ಸಂಶಯದಲ್ಲಿ ಅರ್ಧ ಹುರುಳಿದೆ. ಕನ್ಚೆರ್ಟೊ ಸುಳ್ಳಲ್ಲ, ಆದರೆ ಅದು ಅವರ ಮನೆಯಲ್ಲ, ಬಿಡಾರ.

ಇನ್ನೊಂದು ಸಣ್ಣ ಮಾತು. 1957ರಿಂದ 1963ರವರೆಗೆ ಇದೇ ಮನುಷ್ಯ ‘ಡೆರ್ವಿದ್’ ಎಂಬ ಗುಪ್ತನಾಮದಲ್ಲಿ ಟ್ಯಾಂಗೊ, ವಾಲ್ಟ್ಸ್, ಫಾಕ್ಸ್‌ಟ್ರಾಟ್ ಮಟ್ಟಿನ ಮೂವತ್ತಕ್ಕೂ ಹೆಚ್ಚು ಜನಪ್ರಿಯ ಹಾಡುಗಳನ್ನು ಬರೆದರು. ‘ವೆನಿಸ್ಸಿನ ಆಟಗಳು’ ಹುಟ್ಟಿದ್ದು ಆ ಹಾಡುಗಳ ನಡುವೆಯೇ. ಬೈಠಕ್ಕಿನಲ್ಲಿ ಅವುಗಳಲ್ಲಿ ಒಂದನ್ನು ಹಾಕಿ ಯಾರದೆಂದು ಕೇಳಿ ನೋಡಿ.

ನವನಗರ ಸಿತಾರ್, ಬಾಗಲಕೋಟೆ

ನಾನು ಕಾಲೇಜಿನಲ್ಲಿ ಗಣಿತ ಕಲಿಸುವವಳು, ಸಂಜೆ ಸಿತಾರ್ ನುಡಿಸುವವಳು. ಅದರಿಂದ ಏಳು ವರ್ಷಗಳ ಆ ಅಂತರದ ಒಳಗೆ ಏನಾಯಿತು ಎಂಬುದರ ಬಗ್ಗೆಯೇ ಬರೆಯುತ್ತೇನೆ, ಏಕೆಂದರೆ ಮೇಲಿನ ಇಬ್ಬರೂ ಅದನ್ನು ದಾಟಿಕೊಂಡು ಹೋಗಿದ್ದಾರೆ.

ಹೊರಗಿನ ಕಾರಣ ಸುಲಭ. 1953ರಲ್ಲಿ ಸ್ಟಾಲಿನ್ ತೀರಿಕೊಂಡರು, 1956ರಲ್ಲಿ ಪೋಲೆಂಡಿನಲ್ಲಿ ಬಿಗಿ ಸಡಿಲವಾಯಿತು, ಅದೇ ವರ್ಷ ‘ವಾರ್ಸಾ ಆಟಮ್’ ಎಂಬ ಸಮಕಾಲೀನ ಸಂಗೀತೋತ್ಸವ ಆರಂಭವಾಗಿ ಪಶ್ಚಿಮದ ಹೊಸ ಸಂಗೀತ ಅಲ್ಲಿನವರ ಕಿವಿಗೆ ನೇರವಾಗಿ ಬೀಳತೊಡಗಿತು. ಆದರೆ ಬಾಗಿಲು ತೆರೆದೊಡನೆ ಎಲ್ಲರೂ ಒಂದೇ ಕಡೆ ಓಡಲಿಲ್ಲ. ಲುಟೊಸ್ವಾವ್ಸ್ಕಿ ಎರಡು ಹೆಜ್ಜೆಗಳಲ್ಲಿ ಹೋದರು. ಕೇಳುಗ ಸರ್ ಅವರು ಎರಡನ್ನೂ ಒಟ್ಟಿಗೆ ನೋಡಿದ್ದರಿಂದ ಅಂತರ ಅಷ್ಟು ದೊಡ್ಡದಾಗಿ ಕಂಡಿದೆ.

ಮೊದಲ ಹೆಜ್ಜೆ ಸ್ವರಗಳದ್ದು. ಬಾರ್ಟೋಕ್ ಅವರ ಹತ್ತನೆಯ ಪುಣ್ಯತಿಥಿಗೆಂದು ಆರ್ಕೆಸ್ಟ್ರಾ ನಿರ್ದೇಶಿಸುವ ಕಂಡಕ್ಟರ್ ಯಾನ್ ಕ್ರೆಂಜ್ ಕೇಳಿದ ‘ಶೋಕಸಂಗೀತ’ವನ್ನು, ತಿಥಿ ಕಳೆದು ಮೂರು ವರ್ಷಗಳಾದ ಮೇಲೆ, 1958ರಲ್ಲಿ ಮುಗಿಸಿದರು. ಅದರಲ್ಲಿ ಸಪ್ತಕದ ಹನ್ನೆರಡು ಸ್ವರಗಳೂ ಒಂದು ಸಾಲಿನಲ್ಲಿ ಬರುತ್ತವೆ. ಆದರೆ ಪಕ್ಕಪಕ್ಕದ ಸ್ವರಗಳ ನಡುವೆ ಎರಡೇ ಬಗೆಯ ಅಂತರಗಳಿಗೆ ಜಾಗ: ಷಡ್ಜದಿಂದ ಕೋಮಲ ರಿಷಭಕ್ಕಿರುವಷ್ಟು, ಇಲ್ಲವೇ ಷಡ್ಜದಿಂದ ತೀವ್ರ ಮಧ್ಯಮಕ್ಕಿರುವಷ್ಟು. ಈ ಎರಡರಿಂದಲೇ ಇಡೀ ಕೃತಿ ಎದ್ದು ನಿಲ್ಲುತ್ತದೆ. ಹನ್ನೆರಡು ಸ್ವರಗಳನ್ನು ಒಟ್ಟಿಗೆ ಬಾರಿಸಿದರೆ ಗದ್ದಲವಾಗಬೇಕಲ್ಲವೇ? ಆ ಹನ್ನೆರಡನ್ನು ಒಂದರ ಮೇಲೊಂದು ಪೇರಿಸುವಾಗ ನಡುವಿನ ಅಂತರಗಳ ಬಗೆಗಳನ್ನು ಕಡಿಮೆ ಇಟ್ಟಷ್ಟೂ ಆ ಸ್ವರಮೇಳಕ್ಕೆ ತನ್ನದೇ ಆದ ಒಂದು ಬಣ್ಣ ಬರುತ್ತದೆ, ಅಂತರಗಳನ್ನು ಬದಲಿಸಿದರೆ ಬಣ್ಣ ಬದಲಾಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. 1957ರ ‘ಇವಾಕೊವಿಚ್ ಗೀತೆಗಳು’ ಎಂಬ ಐದು ಹಾಡುಗಳಲ್ಲಿ ಇದು ಮೊದಲು ಸ್ಪಷ್ಟವಾಗಿ ಕೇಳುತ್ತದೆ. ನನ್ನ ಮಟ್ಟಿಗೆ ಅವರ ಜೀವಮಾನದ ಮುಖ್ಯ ಶೋಧ ಇದೇ. ತಾಳ ಬಿಟ್ಟದ್ದು ಎರಡನೆಯದು.

ಆ ಎರಡನೆಯ ಹೆಜ್ಜೆ 1960ರಲ್ಲಿ ಬಂತು. ಅಮೆರಿಕದ ಜಾನ್ ಕೇಜ್ ಅವರ ಪಿಯಾನೊ ಮತ್ತು ಆರ್ಕೆಸ್ಟ್ರಾ ಕೃತಿಯೊಂದನ್ನು ರೇಡಿಯೊದಲ್ಲಿ ಕೇಳುತ್ತಿದ್ದಾಗ ಅವರಿಗೆ ತಮ್ಮ ಸಂಗೀತಕ್ಕೆ ಒಂದು ದಾರಿ ಹೊಳೆಯಿತು. ಕೇಜ್ ಅವರಂತೆ ಫಲಿತಾಂಶವನ್ನು ಆಕಸ್ಮಿಕಕ್ಕೆ ಒಪ್ಪಿಸಲು ಅವರಿಗೆ ಮನಸ್ಸಿರಲಿಲ್ಲ. ಪ್ರತಿ ವಾದಕನ ಸ್ವರಗಳನ್ನೂ ಲಯವಿನ್ಯಾಸವನ್ನೂ ಅವರೇ ಪೂರ್ತಿ ಬರೆದುಕೊಟ್ಟರು; ಎಲ್ಲರೂ ಒಂದೇ ಮಾತ್ರೆಗೆ ಬದ್ಧರಾಗಿರಬೇಕೆಂಬ ನಿಯಮವನ್ನು ಮಾತ್ರ ಕೆಲವು ಭಾಗಗಳಲ್ಲಿ ತೆಗೆದುಹಾಕಿದರು. ಅಂಥ ಕಡೆ ಕಂಡಕ್ಟರ್ ಮಾತ್ರೆ ಎಣಿಸುವುದಿಲ್ಲ, ಆರಂಭಿಸಿ ಎಂದು ಒಮ್ಮೆ ಕೈ ಮಾಡುತ್ತಾರೆ, ಮುಂದಿನ ಭಾಗಕ್ಕೆ ಮತ್ತೊಮ್ಮೆ ಕೈ ಮಾಡುತ್ತಾರೆ. ನಡುವೆ ಪ್ರತಿಯೊಬ್ಬರೂ ಒಬ್ಬರೇ ಇದ್ದಾರೆ ಎಂಬಂತೆ ತಮ್ಮ ತಮ್ಮ ವೇಗದಲ್ಲಿ ನುಡಿಸುತ್ತಾರೆ. ಪಂಢರಪುರಕ್ಕೆ ಹೊರಟ ದಿಂಡಿಗಳು ನಮ್ಮ ಊರುಗಳನ್ನು ಹಾದುಹೋಗುವಾಗ ಮುಂದಿನ ತಂಡ ಅಭಂಗದ ಕೊನೆಯ ಚರಣಕ್ಕೆ ಬಂದಿರುತ್ತದೆ, ಹಿಂದಿನ ತಂಡ ಇನ್ನೂ ಮೊದಲ ಸಾಲಿನಲ್ಲಿರುತ್ತದೆ. ರಸ್ತೆಯ ಬದಿಯಲ್ಲಿ ನಿಂತವರಿಗೆ ಎರಡೂ ಕೂಡಿ ಒಂದು ದಟ್ಟವಾದ ನಾದ ಕೇಳುತ್ತದೆ, ಆದರೆ ಹಾಡು ಒಂದೇ ಆಗಿರುವುದರಿಂದ ಸ್ವರ ಎಲ್ಲೂ ಕೆಡುವುದಿಲ್ಲ. ಲುಟೊಸ್ವಾವ್ಸ್ಕಿಯಲ್ಲಿ ಆ ಒಂದೇ ಹಾಡಿನ ಜಾಗದಲ್ಲಿ ಇರುವುದು ಮೇಲೆ ಹೇಳಿದ ಹನ್ನೆರಡು ಸ್ವರಗಳ ಮೇಳ. ಯಾರು ಮುಂದೆ ಹೋಗಲಿ, ಯಾರು ಹಿಂದೆ ಉಳಿಯಲಿ, ಆ ಭಾಗ ಮುಗಿಯುವವರೆಗೆ ಮೇಳ ಅದೇ. ಇದಕ್ಕೆ ‘ಮಿತಿಯುಳ್ಳ ಅಲಿಯಟೊರಿಸಂ’ ಎಂಬ ಹೆಸರಿದೆ. ಮೊದಲ ಹೆಜ್ಜೆ ಇಡದಿದ್ದರೆ ಎರಡನೆಯದು ಸಾಧ್ಯವಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

‘ವೆನಿಸ್ಸಿನ ಆಟಗಳು’ 1961ರ ಏಪ್ರಿಲ್‌ನಲ್ಲಿ ವೆನಿಸ್ಸಿನಲ್ಲಿ ಅಪೂರ್ಣ ರೂಪದಲ್ಲಿಯೂ, ಅದೇ ವರ್ಷ ವಾರ್ಸಾ ಉತ್ಸವದಲ್ಲಿ ಪೂರ್ಣವಾಗಿಯೂ ಕೇಳಿಬಂತು. ಮುಂದೆ 1964ರ ಸ್ಟ್ರಿಂಗ್ ಕ್ವಾರ್ಟೆಟ್‌ನಲ್ಲಿ ಈ ವಿಧಾನ ಎಷ್ಟು ದೂರ ಹೋಯಿತೆಂದರೆ, ನಾಲ್ವರೂ ಬೇರೆ ಬೇರೆ ವೇಗದಲ್ಲಿರುವಾಗ ಒಬ್ಬರ ಕೆಳಗೊಬ್ಬರ ಸ್ವರಗಳನ್ನು ಜೋಡಿಸಿ ತೋರಿಸುವುದೇ ಸುಳ್ಳು ಎಂದು ಅವರು ಎಲ್ಲರ ಭಾಗಗಳೂ ಒಂದೇ ಪುಟದಲ್ಲಿ ಕಾಣುವ ಒಟ್ಟು ಸ್ಕೋರ್ ಬರೆಯಲೇ ಇಲ್ಲ, ನಾಲ್ಕು ಬಿಡಿ ಹಾಳೆಗಳನ್ನಷ್ಟೇ ಕೊಟ್ಟರು. ಅದನ್ನು ಮೊದಲು ನುಡಿಸಬೇಕಿದ್ದ ಲಾಸಾಲ್ ಕ್ವಾರ್ಟೆಟ್ ತಂಡದವರು ಸ್ಕೋರ್ ಇಲ್ಲದೆ ಅಭ್ಯಾಸ ಹೇಗೆ ಎಂದು ಪಟ್ಟು ಹಿಡಿದರು. ದಾರಿ ತೋರಿಸಿದವರು ಪತ್ನಿ ದನೂತಾ. ವಾಸ್ತುಶಿಲ್ಪ ಓದಿದ್ದ ಆಕೆ ಹಾಳೆಗಳನ್ನು ಕತ್ತರಿಸಿ, ಪ್ರತಿಯೊಬ್ಬರ ಭಾಗವನ್ನೂ ಬೇರೆ ಬೇರೆ ಚೌಕಟ್ಟಿನಲ್ಲಿ ಅಂಟಿಸಿ ಒಂದು ಪುಟ ಮಾಡಿದರು. ಒಟ್ಟಿಗೆ ಕಾಣುತ್ತದೆ, ಆದರೆ ಒಂದೇ ಮಾತ್ರೆ ಎಂಬ ಭ್ರಮೆ ಹುಟ್ಟುವುದಿಲ್ಲ. ಹೆಂಡತಿಯರ ಇಂಥ ಕೆಲಸ ಜೀವನಚರಿತ್ರೆಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ ಎಂದು ಇಲ್ಲಿ ಸ್ವಲ್ಪ ಹಿಗ್ಗಿಸಿ ಬರೆದೆ.

ವಿಜಯಪುರದ ಕೇಳುಗ

ಅಕ್ಕಾವ್ರೆ, ಬಹಳ ಉಪಕಾರವಾಯಿತು. ದಿಂಡಿಯ ಮಾತು ಓದಿದ ಮೇಲೆ ಮತ್ತೆ ಹಾಕಿ ಕೇಳಿದೆ, ಗಿಜಿಗುಡುವ ಭಾಗಗಳಿಗೆ ಒಂದೊಂದಕ್ಕೂ ಒಂದೊಂದು ಬಣ್ಣ ಇರುವುದು ಈಗ ಗೊತ್ತಾಗುತ್ತಿದೆ. ಆದರೂ ಎರಡು ಅನುಮಾನಗಳು ಉಳಿದಿವೆ. ತಮ್ಮ ತಮ್ಮ ವೇಗದಲ್ಲಿ ನುಡಿಸುವುದೆಂದರೆ ನಮ್ಮ ಆಲಾಪಿಯ ಹಾಗೆ ವಾದಕನಿಗೆ ಏನಾದರೂ ಬೆಳೆಸುವ ಅವಕಾಶ ಇದೆಯೇ? ಮತ್ತು 1961ರ ಮೇಲೆ ಅವರು ಮೂವತ್ತಕ್ಕೂ ಹೆಚ್ಚು ವರ್ಷ ಬದುಕಿದ್ದರು; ಕೊನೆಯವರೆಗೂ ಹೀಗೆಯೇ ಬರೆದರೇ, ಅಥವಾ ಮತ್ತೆ ಧಾಟಿಯ ಕಡೆ ತಿರುಗಿದರೇ? ಬೈಠಕ್ಕಿನಲ್ಲಿ ಒಂದೇ ದೊಡ್ಡ ಕೃತಿಗೆ ಸಮಯವಿದೆ, ಯಾವುದನ್ನು ಹಾಕಲಿ?

ಕ್ಯಾಂಪ್ ವಯೊಲಿನ್, ಬೆಳಗಾವಿ

ಮೊದಲ ಅನುಮಾನಕ್ಕೆ ಉತ್ತರ: ಇಲ್ಲ. ಹಿಂದೂಸ್ತಾನಿಯಲ್ಲಿ ಬಂದಿಶ್ ಒಂದು ಬೀಜ, ಗಾಯಕ ಅದನ್ನು ತನ್ನ ತಯಾರಿಯಂತೆ ಬೆಳೆಸುತ್ತಾನೆ. ಲುಟೊಸ್ವಾವ್ಸ್ಕಿಯವರ ವಾದಕ ಒಂದು ಸ್ವರವನ್ನೂ ತಾನಾಗಿ ಸೇರಿಸುವಂತಿಲ್ಲ, ಬಿಡುವಂತಿಲ್ಲ. ತನ್ನ ಸಂಗೀತಕ್ಕೆ ತಾನೊಬ್ಬನೇ ಹೊಣೆ ಎಂಬ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ವಾದಕನಿಗೆ ಸಿಗುವುದು ಲಯದಲ್ಲಿ ಸ್ವಲ್ಪ ಉಸಿರಾಡುವ ಜಾಗ. ನಾನು ನುಡಿಸುವವನಾಗಿ ಹೇಳುವುದಾದರೆ ಅದು ಸಣ್ಣ ಸಂಗತಿಯಲ್ಲ. ಪಕ್ಕದವರ ಬಿಲ್ಲಿನ ಮೇಲೆ ಕಣ್ಣಿಟ್ಟು ನುಡಿಸುವುದೇ ಜೀವನವಾಗಿರುವ ಆರ್ಕೆಸ್ಟ್ರಾ ವಾದಕನಿಗೆ, ನೀನು ಒಬ್ಬನೇ ಇದ್ದೀಯ ಎಂಬಂತೆ ನುಡಿಸು ಎಂದರೆ ಅವನ ನಾದವೇ ಬೇರೆಯಾಗುತ್ತದೆ. ಒಬ್ಬೊಬ್ಬರ ಆ ಬೇರೆ ನಾದವೂ ಅವರಿಗೆ ಬೇಕಾಗಿತ್ತು.

ನಡುವಿನ ಕಾಲದಲ್ಲಿ ಮಾಲಿಶೆವ್ಸ್ಕಿಯವರ ಪಾಠ ಮತ್ತೆ ಎದ್ದು ಬರುತ್ತದೆ. 1967ರ ಎರಡನೆಯ ಸಿಂಫನಿಯ ಎರಡು ಭಾಗಗಳಿಗೆ ‘ಹಿಂಜರಿಕೆ’, ‘ನೇರ’ ಎಂಬ ಅರ್ಥದ ಹೆಸರುಗಳಿವೆ: ಮೊದಲ ಭಾಗ ಏನನ್ನೋ ಹೇಳಲು ಹೊರಟು ನಿಂತು, ಮತ್ತೆ ಹೊರಟು ನಿಂತು, ಕೇಳುಗನಲ್ಲಿ ಹಸಿವು ಹುಟ್ಟಿಸುತ್ತದೆ, ಎರಡನೆಯ ಭಾಗ ತಡೆಯಿಲ್ಲದೆ ಹರಿಯುತ್ತದೆ. ವಿಲಂಬಿತದಿಂದ ದ್ರುತಕ್ಕೆ ಹೋಗುವ ನಮ್ಮ ಕೇಳುಗರಿಗೆ ಈ ಏರ್ಪಾಟು ಹೊಸದೆನಿಸಲಾರದು. ಆದರೆ ಇಲ್ಲಿನ ಮೊದಲ ಭಾಗ ಬೇಕೆಂದೇ ತೃಪ್ತಿ ಕೊಡುವುದಿಲ್ಲ, ಅದು ದೊಡ್ಡ ವ್ಯತ್ಯಾಸ.

ಸುಮಾರು 1979ರಿಂದ ಅವರ ಬರವಣಿಗೆ ತೆಳುವಾಯಿತು. ಆ ವರ್ಷ ಓಬೋ ಮತ್ತು ಪಿಯಾನೊಗೆ ಬರೆದ ‘ಎಪಿಟಾಫ್’ ಎಂಬ ಸಣ್ಣ ಕೃತಿಯಲ್ಲಿ ಹನ್ನೆರಡು ಸ್ವರಗಳ ದಟ್ಟ ಮೇಳಗಳನ್ನು ಬಿಟ್ಟು, ಕೆಲವೇ ಸ್ವರಗಳ ಆಸರೆಯ ಮೇಲೆ ಒಂದು ಧಾಟಿಯನ್ನು ನಡೆಸುವ ದಾರಿ ಸಿಕ್ಕಿತು. ಧಾಟಿ ಹೀಗೆ ಮರಳಿ ಬಂತು, ಈ ಸಲ ಪುಸ್ತಕದಿಂದ ತೆಗೆದುಕೊಂಡದ್ದಲ್ಲ. ಸುಳೇಭಾವಿಯ ಅಣ್ಣಾವ್ರು ಹೇಳಿದ ಬಿಡಾರ, ಮನೆಯ ಮಾತನ್ನು ಒಪ್ಪುವುದಾದರೆ ಮನೆ ಇಲ್ಲಿದೆ ಎಂದು ನಾನು ಹೇಳುತ್ತೇನೆ, 1961ರಲ್ಲಿ ಅಲ್ಲ. 1983ರಲ್ಲಿ ಶಿಕಾಗೊದಲ್ಲಿ ಜಾರ್ಜ್ ಶೋಲ್ಟಿ ನಿರ್ದೇಶಿಸಿದ ಮೂರನೆಯ ಸಿಂಫನಿ ಒಂದೇ ಸ್ವರದ ನಾಲ್ಕು ಬಲವಾದ ಏಟುಗಳಿಂದ ಆರಂಭವಾಗಿ ಅವುಗಳಿಂದಲೇ ಮುಗಿಯುತ್ತದೆ. ನಡುವೆ ತಾಳವಿಲ್ಲದ ಭಾಗಗಳೂ ಇವೆ, ಕೊನೆಯ ಕಡೆ ವಿಶಾಲವಾದ ಹಾಡುವ ಧಾಟಿಯೂ ಇದೆ. 1983ರಿಂದ 1986ರ ನಡುವೆ ‘ಚೇನ್’ ಎಂಬ ಮೂರು ಕೃತಿಗಳು ಬಂದವು. ಅವುಗಳಲ್ಲಿ ಸಂಗೀತದ ಎರಡು ಎಳೆಗಳು ಒಟ್ಟಿಗೆ ಮುಗಿಯುವುದೇ ಇಲ್ಲ, ಒಂದು ಇನ್ನೂ ನಡುವೆ ಇರುವಾಗಲೇ ಇನ್ನೊಂದು ಹೊಸದನ್ನು ಎತ್ತಿಕೊಳ್ಳುತ್ತದೆ. ಎರಡನೆಯ ‘ಚೇನ್’ ವಯೊಲಿನ್‌ನದು, ಆನ್-ಸೋಫಿ ಮುಟರ್ ಮೊದಲು ನುಡಿಸಿದ್ದು. 1988ರಲ್ಲಿ ಕ್ರಿಸ್ಟಿಯಾನ್ ಜಿಮೆರ್ಮಾನ್ ಅವರಿಗಾಗಿ ಬರೆದ ಪಿಯಾನೊ ಕನ್ಚೆರ್ಟೊದಲ್ಲಿ ಶೋಪಾನ್ ಅವರ ನೆರಳು ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಯುದ್ಧಕಾಲದ ಕೆಫೆಯ ಪಿಯಾನೊ ವಾದಕ ಪಿಯಾನೊಗೆ ಕನ್ಚೆರ್ಟೊ ಬರೆಯಲು ಎಪ್ಪತ್ತೈದು ವಯಸ್ಸಾಗಬೇಕಾಯಿತು. ಕೊನೆಯ ದೊಡ್ಡ ಕೃತಿ ನಾಲ್ಕನೆಯ ಸಿಂಫನಿ. 1993ರ ಫೆಬ್ರುವರಿಯಲ್ಲಿ ಲಾಸ್ ಏಂಜಲಿಸ್‌ನಲ್ಲಿ ಅವರೇ ನಿಂತು ನಿರ್ದೇಶಿಸಿದರು. ಮರುವರ್ಷ ಫೆಬ್ರುವರಿ 7ರಂದು ತೀರಿಕೊಂಡರು. ದನೂತಾ ಕೂಡ ಕೆಲವೇ ವಾರಗಳಲ್ಲಿ ಹೋದರು.

ರಾಜಕೀಯದ ಪ್ರಶ್ನೆ ಬೈಠಕ್ಕಿನಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. 1981ರ ಡಿಸೆಂಬರ್‌ನಲ್ಲಿ ಪೋಲೆಂಡಿನಲ್ಲಿ ಸೇನಾಡಳಿತ ಹೇರಿದ ಮೇಲೆ ಲುಟೊಸ್ವಾವ್ಸ್ಕಿ ಸ್ವದೇಶದ ಸಾರ್ವಜನಿಕ ವೇದಿಕೆಗಳಲ್ಲಿ ನಿರ್ದೇಶಿಸುವುದನ್ನು ನಿಲ್ಲಿಸಿದರು. ಮೂರನೆಯ ಸಿಂಫನಿಗೆ 1985ರಲ್ಲಿ ಸಂಗೀತ ಸಂಯೋಜನೆಗೆ ಕೊಡುವ ಮೊಟ್ಟಮೊದಲ ಗ್ರಾವೆಮೆಯರ್ ಪ್ರಶಸ್ತಿ, 1,50,000 ಡಾಲರ್, ಬಂದಾಗ ಆ ಹಣವನ್ನು ಪೋಲೆಂಡಿನ ಯುವ ಸಂಯೋಜಕರು ಹೊರದೇಶದಲ್ಲಿ ಕಲಿಯುವ ವಿದ್ಯಾರ್ಥಿವೇತನಕ್ಕೆ ಕೊಟ್ಟುಬಿಟ್ಟರು. ಪ್ಯಾರಿಸ್‌ಗೆ ಹೋಗಲಾಗದೆ ಉಳಿದ ಹುಡುಗನ ಲೆಕ್ಕ ಅಲ್ಲಿ ತೀರಿತೇನೋ.

ಒಂದೇ ಕೃತಿ ಎಂದರೆ ನಾನು 1970ರ ಚೆಲ್ಲೋ ಕನ್ಚೆರ್ಟೊ ಹಾಕುತ್ತೇನೆ. ಲಂಡನ್ನಿನಲ್ಲಿ ಮೊದಲು ನುಡಿಸಿದವರು ರಷ್ಯದ ಚೆಲ್ಲೋ ವಾದಕ ರೊಸ್ತ್ರೊಪೊವಿಚ್. ಚೆಲ್ಲೋ ಒಂದೇ ಸ್ವರವನ್ನು ಸೆಕೆಂಡಿಗೊಮ್ಮೆ, ಯಾವ ಭಾವವೂ ಇಲ್ಲದೆ, ನುಡಿಸುತ್ತ ಕುಳಿತಿರುತ್ತದೆ. ನಡುನಡುವೆ ಏನೋ ನೆನಪಾದಂತೆ ಸಣ್ಣ ಸಣ್ಣ ಚೇಷ್ಟೆ ಮಾಡಿ ಮತ್ತೆ ಅದೇ ಸ್ವರಕ್ಕೆ ಬರುತ್ತದೆ. ಆಮೇಲೆ ತುತ್ತೂರಿಗಳು ನುಗ್ಗಿ ಅದರ ಬಾಯಿ ಮುಚ್ಚಿಸುತ್ತವೆ, ಅಲ್ಲಿಂದ ಕೊನೆಯವರೆಗೆ ಒಂಟಿ ವಾದ್ಯಕ್ಕೂ ಆರ್ಕೆಸ್ಟ್ರಾಕ್ಕೂ ಜಗಳ. ರೊಸ್ತ್ರೊಪೊವಿಚ್ ಇದನ್ನು ಒಬ್ಬ ಮನುಷ್ಯ ಮತ್ತು ಅಧಿಕಾರದ ನಡುವಿನ ಕಥೆಯೆಂದೇ ತಿಳಿದಿದ್ದರು, ಲುಟೊಸ್ವಾವ್ಸ್ಕಿ ಆ ಅರ್ಥವನ್ನು ಒಪ್ಪಲಿಲ್ಲ. ನಿಮ್ಮವರು ಎರಡು ಪಂಗಡವಾಗಿ ವಾದಿಸಲು ಇದಕ್ಕಿಂತ ಒಳ್ಳೆಯ ಕೃತಿ ಸಿಗದು, ತಾಳವಿರುವ ಭಾಗ, ತಾಳವಿಲ್ಲದ ಭಾಗ, ಹಾಡುವ ಧಾಟಿ ಮೂರೂ ಇದರಲ್ಲಿ ಸಿಗುತ್ತವೆ. ಒಂದು ಎಚ್ಚರಿಕೆ ಮಾತ್ರ: ಮೊದಲ ನಾಲ್ಕು ನಿಮಿಷ ಚೆಲ್ಲೋ ಬಹಳ ಮೆಲ್ಲಗಿರುತ್ತದೆ, ಕೇಳುತ್ತಿಲ್ಲ ಎಂದು ಸ್ಪೀಕರಿನ ವಾಲ್ಯೂಮ್ ಏರಿಸಲು ಹೋಗಬೇಡಿ, ತುತ್ತೂರಿಗಳು ಹೇಳಿಕೇಳಿ ಬರುವುದಿಲ್ಲ.